ಹಡಗೇರಿ ಚರಿತ್ರೆ ಬರೆದವರು

ಇತಿಹಾಸಕಾರರು ಎಂದೊಡನೆ ನಿಮಗೆ ಯಾರ ಚಿತ್ರ ಕಣ್ಮುಂದೆ ಬರುತ್ತದೆ? ದಪ್ಪ ಕನ್ನಡಕ, ದೂಳು ಹಿಡಿದ ಕಡತ, ಪಕ್ಕದಲ್ಲಿ ಆರಿಹೋದ ಕಾಫಿ. ಈ ಹೊತ್ತು ನಾನು ನಿಮಗೆ ಪರಿಚಯ ಮಾಡಿಕೊಡಬೇಕೆಂದಿರುವವರು ಕಡತಗಳನ್ನು ಚೆನ್ನಾಗಿ ಬಲ್ಲವರೇ. ಆದರೆ ಹಾಯಿದೋಣಿ ನಡೆಸುವುದನ್ನು ಅದಕ್ಕಿಂತ ಮೊದಲು, ಹುಡುಗರಾಗಿದ್ದಾಗಲೇ ಕಲಿತಿದ್ದರು. ಹೆಸರು ಸ್ಯಾಮ್ಯುಯೆಲ್ ಎಲಿಯಟ್ ಮಾರಿಸನ್. ಅಮೆರಿಕದ ಬಾಸ್ಟನ್ ನಗರದವರು. 1887ರಲ್ಲಿ ಹುಟ್ಟಿ 1976ರವರೆಗೆ ಬದುಕಿದವರು.

ಬಾಸ್ಟನ್ನಿನ ಬ್ರಿಮ್ಮರ್ ಬೀದಿಯಲ್ಲಿ ಅವರ ತಾತ ಕಟ್ಟಿಸಿದ ಮನೆ. ಅಲ್ಲೇ ಹುಟ್ಟಿದರು, ಬದುಕಿನ ಬಹುಪಾಲನ್ನು ಅಲ್ಲೇ ಕಳೆದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರು. ಪಾಠ ಹೇಳಲು ಕುದುರೆಯೇರಿ ಹೋಗುತ್ತಿದ್ದರಂತೆ. ಹಾಗೆ ಬಂದ ಕೊನೆಯ ಪ್ರಾಧ್ಯಾಪಕರು ಅವರೇ ಎಂಬುದು ಅಲ್ಲಿನವರ ಮಾತು. ಬೇಸಿಗೆ ಬಂತೆಂದರೆ ಮೈನ್ ರಾಜ್ಯದ ಮೌಂಟ್ ಡೆಸರ್ಟ್ ದ್ವೀಪ. ಅಲ್ಲಿ ಮಂಜು, ಬಂಡೆ, ತಣ್ಣನೆಯ ನೀರು, ಸ್ವಂತದ ಹಾಯಿದೋಣಿ. ಕೆಲಸವೆಲ್ಲಿ ಮುಗಿಯಿತು, ವಿಹಾರವೆಲ್ಲಿ ಶುರುವಾಯಿತು ಎಂದು ಕೇಳಿದ್ದರೆ ಅವರೇ ತಬ್ಬಿಬ್ಬಾಗುತ್ತಿದ್ದರೋ ಏನೋ.

ಕೊಲಂಬಸನ ಚರಿತ್ರೆ ಬರೆಯಲು ಹೊರಟಾಗ ಮಾರಿಸನ್ನರಿಗೆ ಒಂದು ವಿಷಯ ಕಿರಿಕಿರಿಯುಂಟುಮಾಡಿತು. ಅವನ ಬಗ್ಗೆ ಬರೆದವರಲ್ಲಿ ಅನೇಕರು ಗ್ರಂಥಾಲಯದಲ್ಲೇ ಕುಳಿತು ಅಟ್ಲಾಂಟಿಕ್ ದಾಟಿದವರು! ಗಾಳಿ ಯಾವ ಕಡೆಯಿಂದ ಬೀಸುತ್ತದೆ, ದಡ ಎಷ್ಟು ದೂರದಿಂದ ಕಾಣುತ್ತದೆ, ಹವಳದ ದಿಬ್ಬ ಎಲ್ಲಿದೆ ಎಂಬುದು ಗೊತ್ತಿಲ್ಲದೆ ನಾವಿಕನ ದಿನಚರಿಗೆ ಅರ್ಥ ಹೇಳುವುದು ಹೇಗೆ? ಅದಕ್ಕಾಗಿ 1939ರಲ್ಲಿ ‘ಕ್ಯಾಪಿಟಾನಾ’ ಎಂಬ ಮೂರು ಕೂವೆಮರದ ಹಾಯಿಹಡಗಿನಲ್ಲಿ ಸಂಗಡಿಗರೊಡನೆ ಹೊರಟೇಬಿಟ್ಟರು. ಕೊಲಂಬಸ್ ಹೋದ ದಾರಿ ಹಿಡಿದು ಹೋಗಿ, ಅವನು ಬರೆದಿಟ್ಟದ್ದನ್ನು ಕಣ್ಣಾರೆ ಕಂಡದ್ದರ ಜೊತೆ ಹೋಲಿಸಿ ನೋಡಿದರು. 1942ರಲ್ಲಿ ಗ್ರಂಥ ಹೊರಬಂತು, ಮರುವರ್ಷ ಪುಲಿಟ್ಜರ್ ಬಹುಮಾನ ಬಂತು. ನಮ್ಮ ಮಲ್ಪೆಯ ಬೆಸ್ತರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಸಮುದ್ರದ ಮಾತು ಆಡುವವನು ಸಮುದ್ರಕ್ಕೆ ಹೋಗಿ ಬಂದಿರಬೇಕು, ಅಷ್ಟೇ.

ಅಷ್ಟರಲ್ಲಿ ಅಮೆರಿಕ ಯುದ್ಧಕ್ಕಿಳಿದಿತ್ತು. ಮಾರಿಸನ್ನರಿಗೆ ಐವತ್ತನಾಲ್ಕು ವರ್ಷ. ಆ ವಯಸ್ಸಿನಲ್ಲಿ ಅವರು ಅಧ್ಯಕ್ಷ ರೂಸ್‌ವೆಲ್ಟರ ಮುಂದೆ ಒಂದು ಸಲಹೆ ಇಟ್ಟರು: ನೌಕಾಯುದ್ಧದ ಚರಿತ್ರೆಯನ್ನು ಯುದ್ಧ ಮುಗಿದ ಮೇಲೆ ಬರೆಯುವುದಲ್ಲ, ನಡೆಯುತ್ತಿರುವಾಗಲೇ ಹಡಗಿನಲ್ಲಿದ್ದು ಬರೆಯಬೇಕು. ರೂಸ್‌ವೆಲ್ಟ್ ಒಪ್ಪಿದರು. 1942ರ ಮೇ ತಿಂಗಳಲ್ಲಿ ಪ್ರೊಫೆಸರರು ಲೆಫ್ಟಿನೆಂಟ್ ಕಮಾಂಡರ್ ಆದರು. ಉತ್ತರ ಆಫ್ರಿಕದ ದಾಳಿಯಲ್ಲಿ ‘ಬ್ರೂಕ್ಲಿನ್’, ಸಾಲೊಮನ್ ದ್ವೀಪಗಳ ಬಳಿ ‘ಹೊನೊಲುಲು’, ಒಕಿನಾವಾದ ಎದುರು ‘ಟೆನೆಸಿ’ ಎಂಬ ಯುದ್ಧನೌಕೆಗಳಲ್ಲಿ ಅವರಿದ್ದರು. 1943ರ ಜುಲೈನಲ್ಲಿ ಕೊಲೊಂಬಂಗಾರದ ಕಾಳಗದಲ್ಲಿ ‘ಹೊನೊಲುಲು’ವಿಗೆ ಟಾರ್ಪೆಡೋ ಬಡಿಯಿತು. ಚರಿತ್ರೆಯ ಜೊತೆಗೆ ಚರಿತ್ರೆಕಾರರೂ ತಳ ಸೇರುವ ಸಂಭವವಿತ್ತು ಅನ್ನಿ.

ಹೀಗೆ ಹುಟ್ಟಿದ್ದು ಹದಿನೈದು ಸಂಪುಟಗಳ ಗ್ರಂಥ. ಮೊದಲನೆಯದು 1947ರಲ್ಲಿ, ಕೊನೆಯದು 1962ರಲ್ಲಿ. ಕಂಡದ್ದನ್ನಷ್ಟೇ ನಂಬಿ ಬರೆಯಲಿಲ್ಲ. ಸಹಾಯಕರ ಚಿಕ್ಕ ತಂಡವೊಂದಿತ್ತು. ಅವರಲ್ಲಿ ಜಪಾನಿ ಬಲ್ಲವರಿದ್ದರು, ಶತ್ರುಪಕ್ಷದ ದಾಖಲೆಗಳನ್ನೂ ಓದಿಸಿದರು. ಕಿರಿಯರಿಗೆ ಅವರು ಹೇಳುತ್ತಿದ್ದ ಬುದ್ಧಿಮಾತು ಸರಳ: ಸಾಮಗ್ರಿಯೆಲ್ಲ ಕೂಡಲಿ ಎಂದು ಕಾಯಬೇಡಿ, ಬರೆಯಲು ಕುಳಿತುಕೊಳ್ಳಿ, ಏನು ಸಾಲದೆಂಬುದು ಬರೆಯುವಾಗಲೇ ತಿಳಿಯುತ್ತದೆ.

ಆದರೆ ಓದುಗರೇ, ಇಲ್ಲೇ ಒಂದು ಮುಳ್ಳಿದೆ. ಇದನ್ನು ಬಿಟ್ಟು ಅವರನ್ನು ಹೊಗಳಿದರೆ ಅನ್ಯಾಯವಾದೀತು.

1942ರ ಆಗಸ್ಟ್ 8ರ ರಾತ್ರಿ ಸಾವೊ ದ್ವೀಪದ ಬಳಿ ಜಪಾನಿನ ಮಿಕಾವಾ ಅವರ ಹಡಗುಗಳು ಮಿತ್ರಪಡೆಯ ಮೇಲೆ ಎರಗಿದವು. ನಾಲ್ಕು ದೊಡ್ಡ ಕ್ರೂಸರುಗಳು ನಾಶವಾದವು, ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಆ ಹಡಗುಗಳನ್ನು ಅದೇ ಬೆಳಿಗ್ಗೆ ಆಸ್ಟ್ರೇಲಿಯದ ಒಂದು ಹಡ್ಸನ್ ವಿಮಾನ ಕಂಡಿತ್ತು. ಐದನೆಯ ಸಂಪುಟದಲ್ಲಿ ಮಾರಿಸನ್ನರು ಬರೆದದ್ದು ಹೀಗೆ: ವೈಮಾನಿಕರು ರೇಡಿಯೋದಲ್ಲಿ ಸುದ್ದಿ ಕಳಿಸಲಿಲ್ಲ, ತಮ್ಮ ಸುತ್ತು ಮುಗಿಸಿ ಸಾವಕಾಶವಾಗಿ ಇಳಿದರು, ಚಹಾ ಕುಡಿದರು, ಆಮೇಲೆ ವರದಿ ಕೊಟ್ಟರು. ಮಾರಿಸನ್ನರದು ಸೊಗಸಾದ ಶೈಲಿ. ಆ ಚಹಾದ ಮಾತು ಓದಿದವರ ಮನಸ್ಸಿನಲ್ಲಿ ಕೂತುಬಿಟ್ಟಿತು. ಮುಂದೆ ಬರೆದವರೂ ಅದನ್ನೇ ಎತ್ತಿಕೊಂಡರು.

ನಡೆದದ್ದು ಬೇರೆ. ವಿಮಾನದವರು ಹಾರಾಟದಲ್ಲಿದ್ದಾಗಲೇ ರೇಡಿಯೋ ಸಂದೇಶ ಕಳಿಸಿದ್ದರು. ನೆಲೆಯಿಂದ ಉತ್ತರ ಬರಲಿಲ್ಲ. ಸುತ್ತನ್ನು ಅರ್ಧಕ್ಕೇ ಬಿಟ್ಟು ಮಿಲ್ನ್ ಬೇಗೆ ಮರಳಿ ಮಧ್ಯಾಹ್ನವೇ ವರದಿ ಒಪ್ಪಿಸಿದರು. ತಡವಾದದ್ದು ಮೇಲಿನ ಕಚೇರಿಗಳಲ್ಲಿ ಸಂದೇಶ ಕೈಯಿಂದ ಕೈಗೆ ದಾಟುವಾಗ. ಆ ರೇಡಿಯೋ ಸಂದೇಶವನ್ನು ಜಪಾನೀಯರು ಕೇಳಿಸಿಕೊಂಡು ದಾಖಲಿಸಿಯೂ ಇದ್ದರು. ಹೀಗಿದ್ದೂ ಆ ನಾಲ್ವರು ಸಾವಿರ ಸಾವಿನ ಹೊಣೆಯನ್ನು ದಶಕಗಟ್ಟಲೆ ಹೊರಬೇಕಾಯಿತು. ನಾವು ಸುದ್ದಿ ಕಳಿಸಿದ್ದೆವು ಎಂದು ಹೇಳಿದರೂ ಅಷ್ಟು ದೊಡ್ಡ ಹೆಸರಿನ ಮುಂದೆ ಕೇಳುವವರು ಯಾರು? 2014ರಲ್ಲಿ, ಉಳಿದಿದ್ದವರು ಅಂದಿನ ರೇಡಿಯೋ ನಿರ್ವಾಹಕರೊಬ್ಬರೇ. ಅವರಿಗೆ ಅಮೆರಿಕದ ನೌಕಾ ಇತಿಹಾಸ ವಿಭಾಗದಿಂದ ಪತ್ರ ಬಂತು: ಮಾರಿಸನ್ನರ ಟೀಕೆಗೆ ಆಧಾರವಿರಲಿಲ್ಲವೆಂದು. ಘಟನೆ ನಡೆದು ಎಪ್ಪತ್ತೆರಡು ವರ್ಷ ಕಳೆದಿತ್ತು. ಮಾರಿಸನ್ನರು ತೀರಿಕೊಂಡೇ ಮೂವತ್ತೆಂಟು ವರ್ಷವಾಗಿತ್ತು.

ಕೊಲಂಬಸನನ್ನು ಒರೆಹಚ್ಚಲು ಸಾಗರ ದಾಟಿದವರು, ಒಬ್ಬ ವೈಮಾನಿಕನನ್ನು ಕೇಳಿ ನೋಡಲು ಒಂದು ಕಾಗದ ಬರೆಯಬಹುದಿತ್ತಲ್ಲ ಎಂದು ನನಗೆ ಅನ್ನಿಸುವುದುಂಟು.

ಆದರೂ ಆ ಮನುಷ್ಯರ ಹುರುಪು ನನ್ನನ್ನು ಬಿಡುವುದಿಲ್ಲ. ಎಂಬತ್ತು ದಾಟಿದ ಮೇಲೆ ಅಮೆರಿಕದ ಶೋಧನೆಯ ಕುರಿತು ಎರಡು ದಪ್ಪ ಸಂಪುಟ ಬರೆದರು. ಹಳೆಯ ನಾವಿಕರು ಕಂಡ ಕರಾವಳಿಗಳನ್ನು ಗುರುತಿಸಲು ಚಿಕ್ಕ ವಿಮಾನದಲ್ಲಿ ಹಾರಾಡಿದರು. ಎರಡನೆಯ ಸಂಪುಟ ಬಂದದ್ದು 1974ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಮಡದಿ ಪ್ರಿಸಿಲ್ಲಾ ತೀರಿಕೊಂಡಿದ್ದರು.

ನೌಕಾಯುದ್ಧದ ಆ ಸಂಪುಟಗಳು ನಿಮಗೆಲ್ಲಾದರೂ ಸಿಕ್ಕರೆ ಖಂಡಿತ ಓದಿ. ಐದನೆಯದರಲ್ಲಿ ಆ ಚಹಾದ ಸಾಲು ಬಂದಾಗ ಅಂಚಿನಲ್ಲಿ ಪೆನ್ಸಿಲಿನಿಂದ 2014 ಎಂದು ಗುರುತು ಹಾಕಿಕೊಳ್ಳಿ. ಗ್ರಂಥಾಲಯದ ಪ್ರತಿಯಾದರೆ ಒಂದು ಚೀಟಿ ಇಟ್ಟರೂ ಸಾಕು.