ಮೇಲ್ದಂಡೆಯವನ ಪರೀಕ್ಷೆ

(ಪರಶುರಾಂಪುರದಲ್ಲಿ ಮಾಡಿದ ಭಾಷಣದ ಬರಹರೂಪ)



ನಾವಿಂದು ವೇದಾವತಿಯ ಸೀಮೆಯಲ್ಲಿ ಸೇರಿದ್ದೇವೆ. ಈ ನದಿಗೆ ನಮ್ಮ ಮೇಲ್ಭಾಗದಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರವಿದೆ. ಕೆಳಭಾಗದಲ್ಲಿ, ಆಂಧ್ರದ ಗಡಿಯಾಚೆ, ಭೈರವಾನಿತಿಪ್ಪ ಜಲಾಶಯವಿದೆ. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಬಳಿಕ, 2022ರಲ್ಲಿ. ಮೇಲಿನವರು ಬಿಟ್ಟರೆ ನಮಗೆ, ನಾವು ಬಿಟ್ಟರೆ ಕೆಳಗಿನವರಿಗೆ ಎಂಬ ಪಾಠವನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಷ್ಟ್ರಗಳ ನಡುವಿನ ನದಿಗಳ ಕತೆಯೂ ಇದೇ ಆಗಿದೆ.

ಜಲವಿದ್ಯುತ್ ಯೋಜನೆ ನೀರನ್ನು ಕುಡಿದುಬಿಡುವುದಿಲ್ಲ. ಯಂತ್ರ ತಿರುಗಿಸಿದ ನೀರು ಮತ್ತೆ ಹರಿದುಹೋಗುತ್ತದೆ. ಆದರೆ ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕೆಂಬ ಕೀಲಿಕೈ ಅಣೆಕಟ್ಟಿನ ಒಡೆಯನ ಬಳಿ ಇರುತ್ತದೆ. ಬಿತ್ತನೆಯ ಕಾಲದಲ್ಲಿ ತಡೆದರೆ ಬರ, ಮುನ್ಸೂಚನೆಯಿಲ್ಲದೆ ಬಿಟ್ಟರೆ ನೆರೆ. ಅಧಿಕಾರ ರಾಜಕೀಯ ಹುಟ್ಟುವುದು ಇಲ್ಲಿಯೇ.

1960ರಲ್ಲಿ ವಿಶ್ವಬ್ಯಾಂಕಿನ ಮಧ್ಯಸ್ಥಿಕೆಯಲ್ಲಿ ನೆಹರೂ ಮತ್ತು ಅಯ್ಯೂಬ್ ಖಾನ್ ಸಿಂಧೂ ಒಪ್ಪಂದಕ್ಕೆ ಸಹಿ ಹಾಕಿದರು. 1965 ಮತ್ತು 1971ರ ಯುದ್ಧಗಳಲ್ಲಿಯೂ ಅದು ಮುರಿಯಲಿಲ್ಲ. ಕಾಶ್ಮೀರದ 330 ಮೆಗಾವಾಟ್‌ನ ಕಿಶನ್‌ಗಂಗಾ ಯೋಜನೆಯ ವಿವಾದದಲ್ಲಿ, ವಿದ್ಯುತ್ತಿಗಾಗಿ ನೀರು ತಿರುಗಿಸಲು ಭಾರತಕ್ಕೆ ಹಕ್ಕಿದೆ, ಆದರೆ ಸೆಕೆಂಡಿಗೆ 9 ಘನ ಮೀಟರ್ ನೀರನ್ನಾದರೂ ನದಿಯಲ್ಲಿ ಬಿಡಬೇಕೆಂದು 2013ರಲ್ಲಿ ಮಧ್ಯಸ್ಥಿಕೆ ನ್ಯಾಯಾಲಯ ತೀರ್ಪಿತ್ತಿತು.

ಏಪ್ರಿಲ್ 2025ರಲ್ಲಿ ಪಹಲ್ಗಾಮ್‌ನಲ್ಲಿ 26 ಮಂದಿ ನಿರಪರಾಧಿಗಳ ಹತ್ಯೆಯಾಯಿತು. ಅದು ಇಸ್ಲಾಮಿಗೂ ಮಾನವತೆಗೂ ಎಸಗಿದ ದ್ರೋಹ. ಹಂತಕರಿಗೆ ಶಿಕ್ಷೆಯಾಗಲೇಬೇಕು. ಅದರ ಬೆನ್ನಿಗೇ ಭಾರತ ಸರಕಾರ ಒಪ್ಪಂದವನ್ನು ತಡೆಹಿಡಿಯಿತು. ಆದರೆ ಗೋಧಿ ಬೆಳೆಯುವ ರೈತನ ಕಾಲುವೆ ಹಂತಕನ ಕೈಯಲ್ಲ ಎಂದು ಹೇಳುವುದು ದೇಶದ್ರೋಹವಾಗದು. ಜುಲೈ 2025ರಲ್ಲಿ ಚೀನಾವು ಬ್ರಹ್ಮಪುತ್ರದ ಮೇಲ್ಭಾಗದಲ್ಲಿ ಬೃಹತ್ ಜಲವಿದ್ಯುತ್ ಯೋಜನೆಯನ್ನು ಆರಂಭಿಸಿತು. ಅಲ್ಲಿ ನಾವೇ ಕೆಳದಂಡೆಯವರು! ಸಿಂಧೂವಿಗೊಂದು ನ್ಯಾಯ, ಬ್ರಹ್ಮಪುತ್ರಕ್ಕೊಂದು ನ್ಯಾಯ ಸಲ್ಲುವುದೇ?

ಇದು ಧರ್ಮ ಧರ್ಮಗಳ ಜಗಳವೆಂದು ಭಾವಿಸುವವರು ಯೂಫ್ರೆಟಿಸ್ ನದಿಯನ್ನು ನೋಡಲಿ. 1990ರ ಜನವರಿಯಲ್ಲಿ ಅತಾತುರ್ಕ್ ಅಣೆಕಟ್ಟು ತುಂಬಿಸಲು ಟರ್ಕಿಯು ಸುಮಾರು ಒಂದು ತಿಂಗಳು ನದಿಯನ್ನು ತಡೆಯಿತು. ಕೆಳಗಿದ್ದವರು ಸಿರಿಯಾ ಮತ್ತು ಇರಾಕಿನ ಮುಸ್ಲಿಮರೇ. ಅಧಿಕಾರದ ಮದಕ್ಕೆ ಮತಭೇದವಿಲ್ಲ.

ಪ್ರವಾದಿಯವರ(ಸ) ಬಳಿ ಇಂಥದೇ ವ್ಯಾಜ್ಯವೊಂದು ಬಂದಿತ್ತು. ಝುಬೈರ್‌ರ(ರ) ತೋಟ ಕಾಲುವೆಯ ಮೇಲ್ಭಾಗದಲ್ಲಿತ್ತು, ಅನ್ಸಾರಿಯೊಬ್ಬರ ತೋಟ ಕೆಳಭಾಗದಲ್ಲಿತ್ತು. ಝುಬೈರ್ ಪ್ರವಾದಿಯವರ(ಸ) ಸೋದರತ್ತೆಯ ಮಗ. ಆದರೂ, ನಿಮ್ಮ ತೋಟಕ್ಕೆ ಹಾಯಿಸಿಕೊಂಡು ನೀರನ್ನು ನೆರೆಯವನತ್ತ ಬಿಟ್ಟುಬಿಡಿ ಎಂಬರ್ಥದ ಸೂಚನೆ ಅವರಿಗೆ ದೊರೆಯಿತು. ಮೇಲಿನವನಿಗೆ ಮೊದಲ ಸರದಿ ಉಂಟು, ಕೆಳಗಿನವನ ಪಾಲನ್ನು ನುಂಗುವ ಅಧಿಕಾರವಿಲ್ಲ. ಕಿಶನ್‌ಗಂಗಾ ತೀರ್ಪಿನ ತಿರುಳೂ ಇದಕ್ಕಿಂತ ದೂರವಿಲ್ಲ.

ಸಹಕಾರವು ಅಸಾಧ್ಯವೇನಲ್ಲ. ವೇದಾವತಿಯು ಹೋಗಿ ಸೇರುವ ತುಂಗಭದ್ರೆಗೆ ಅಣೆಕಟ್ಟು ಕಟ್ಟಲು 1945ರಲ್ಲಿ ನಿಜಾಮರ ಹೈದರಾಬಾದ್ ಮತ್ತು ಬ್ರಿಟಿಷರ ಮದ್ರಾಸ್ ಜೊತೆಗೂಡಿದ್ದವು. ಇಂದಿಗೂ ಅದರ ನೀರು ಮತ್ತು ವಿದ್ಯುತ್ತನ್ನು ರಾಜ್ಯಗಳು ಒಂದೇ ಮಂಡಳಿಯ ಮೂಲಕ ಹಂಚಿಕೊಳ್ಳುತ್ತಿವೆ. ತಕರಾರುಗಳಿಲ್ಲವೆಂದಲ್ಲ, ತಕರಾರು ಹೇಳಿಕೊಳ್ಳಲು ಒಂದು ಮೇಜಿದೆ.

ಸಹೋದರರೇ, ಬೀದಿ ನಲ್ಲಿಯ ಕೊಳವೆಗೆ ಮೋಟಾರು ಹಚ್ಚಿ ನೆರೆಮನೆಯ ಪಾಲನ್ನು ಎಳೆದುಕೊಳ್ಳುವವನೂ ಒಂದು ಸಣ್ಣ ಅಣೆಕಟ್ಟಿನ ಒಡೆಯನೇ. ನಾವು ಅಲ್ಲಿಂದಲೇ ಆರಂಭಿಸೋಣ. ನೀರು ನಮ್ಮ ಸೊತ್ತಲ್ಲ, ಅದು ಅಮಾನತ್ತು. ಅದನ್ನು ನ್ಯಾಯದಿಂದ ಹಂಚಿಕೊಳ್ಳುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.