ಬರಹ ಬರಹವಾಗಿಯೇ ಇರಲಿ
(ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಅನೇಕರು ಗುಮಾಸ್ತೆಗಿರಿಯಿಂದ ಬದುಕುವವರು. ಚೆಕ್ಕಿನ ಮೇಲೆ ಮೊಬಲಗನ್ನು ಅಕ್ಷರದಲ್ಲಿ ಬರೆದು, ‘ಮಾತ್ರ’ ಎಂದು ಸೇರಿಸಿ, ಉಳಿದ ಜಾಗಕ್ಕೆ ಗೆರೆ ಎಳೆಯುವುದು ನಮ್ಮ ಕೈಗೆ ಹತ್ತಿದ ಅಭ್ಯಾಸ. ಏಕೆ? ನಮ್ಮ ಬರಹದ ಬಾಲಕ್ಕೆ ಇನ್ನೊಬ್ಬನು ತನ್ನ ಬರಹವನ್ನು ಅಂಟಿಸಬಾರದೆಂದು. ಇಂದು ನಾನು ಹೇಳಹೊರಟಿರುವುದೂ ಇದೇ ಎಚ್ಚರಿಕೆಯ ಮಾತು. ಸ್ಥಳ ಮಾತ್ರ ಬೇರೆ.

ರೈಲ್ವೆ ಟಿಕೆಟ್ಟಿಗೋ ಬ್ಯಾಂಕಿನ ಕೆಲಸಕ್ಕೋ ನಾವು ಫೋನಿನಲ್ಲಿ ಹೆಸರು, ಊರು ತುಂಬಿದರೆ ಅದು ಸರ್ವರ್ ಎಂಬ ದೂರದ ಯಂತ್ರಕ್ಕೆ ಹೋಗುತ್ತದೆ. ಅಲ್ಲಿಯ ಪ್ರೋಗ್ರಾಮು ನಮ್ಮ ಹೆಸರಿನ ಹಿಂದೆ ಮುಂದೆ ಒಂದೊಂದು ಉದ್ಧರಣ ಚಿಹ್ನೆ ಇಟ್ಟು, ‘ಈ ಹೆಸರಿನವರ ಲೆಕ್ಕ ತೆಗೆ’ ಎಂದು ದಫ್ತರಖಾನೆಗೆ, ಅಂದರೆ ಡೇಟಾಬೇಸಿಗೆ, ಆಜ್ಞೆ ಕಳಿಸುತ್ತದೆ. ದುಷ್ಟನೊಬ್ಬನು ಹೆಸರಿನ ಜಾಗದಲ್ಲಿ ಆ ಚಿಹ್ನೆಯನ್ನು ತಾನೇ ಹಾಕಿ, ಮುಂದೆ ‘ಎಲ್ಲರ ಲೆಕ್ಕವನ್ನೂ ತೆಗೆ’ ಎಂಬರ್ಥದ ಮಾತನ್ನು ಯಂತ್ರದ ಭಾಷೆಯಲ್ಲಿ ಬರೆದನೆನ್ನಿ. ಹೆಸರು ಅಲ್ಲಿಗೆ ಮುಗಿಯಿತು, ಮುಂದಿನದು ಯಜಮಾನನ ಆಜ್ಞೆ ಎಂದೇ ಯಂತ್ರ ತಿಳಿಯುತ್ತದೆ. ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಹೆಸರು.

ಈ ದೋಷವನ್ನು 1998ರಲ್ಲೇ ಬಹಿರಂಗವಾಗಿ ವಿವರಿಸಲಾಗಿತ್ತು. ಆದರೂ 2015ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಎಂಬ ದೂರವಾಣಿ ಕಂಪೆನಿಯಲ್ಲಿ 1,56,959 ಗಿರಾಕಿಗಳ ವಿವರಗಳು ಇದೇ ದಾರಿಯಿಂದ ಪರರ ಕೈ ಸೇರಿದವು. ಅವರಲ್ಲಿ 15,656 ಮಂದಿಯ ಬ್ಯಾಂಕ್ ಖಾತೆಯ ವಿವರವೂ ಹೋಯಿತು. ಮರುವರ್ಷ ಕಂಪೆನಿಗೆ 4 ಲಕ್ಷ ಪೌಂಡು ದಂಡ ಬಿತ್ತು. ತಪ್ಪು ಕಂಪೆನಿಯದು, ಬಯಲಾದದ್ದು ಗಿರಾಕಿಯ ಗುಟ್ಟು.

ಪರಿಹಾರವೇನು? ಮೊದಲನೆಯದು, ತಪಾಸಣೆ ಸರ್ವರಿನಲ್ಲಿಯೇ ನಡೆಯಬೇಕು. ಫೋನಿನಲ್ಲಿ ಮಾಡುವ ತಪಾಸಣೆ ಪ್ರಾಮಾಣಿಕನ ಕೈತಪ್ಪನ್ನು ತಿದ್ದೀತು. ಕಳ್ಳನು ಅದನ್ನು ದಾಟಿ ನೇರವಾಗಿ ಸರ್ವರಿಗೆ ಬರೆಯಬಲ್ಲ. ಎರಡನೆಯದು, ಬೇಡವಾದದ್ದರ ಪಟ್ಟಿಗಿಂತ ಬೇಕಾದದ್ದರ ಪಟ್ಟಿ ಲೇಸು. ಪಿನ್ ಕೋಡೆಂದರೆ ಆರು ಅಂಕಿ. ಬೇರೇನು ಬಂದರೂ ಹಿಂದಿರುಗಿಸಬೇಕು.

ಆದರೆ ಹೆಸರಿನ ವಿಷಯ ಅಷ್ಟು ಸುಲಭವಲ್ಲ. ನಮ್ಮ ಮಂಗಳೂರಿನ ಡಿಸೋಜರು ಇಂಗ್ಲಿಷಿನಲ್ಲಿ ಹೆಸರು ಬರೆದರೆ ‘ಡಿ’ ಆದ ಮೇಲೆ ಅದೇ ಚಿಹ್ನೆ ಬರುತ್ತದೆ. ಕಳ್ಳನಿಗೆ ಹೆದರಿ ಅದನ್ನು ನಿಷೇಧಿಸಿದರೆ ಡಿಸೋಜರನ್ನೇ ಹೊರಗೆ ನಿಲ್ಲಿಸಿದಂತೆ. ಇಂಗ್ಲಿಷಿನ 26 ಅಕ್ಷರಗಳಿಗೇ ಅಪ್ಪಣೆ ಕೊಟ್ಟರೆ ಕನ್ನಡದಲ್ಲಿ ಬರೆದ ಹೆಸರಿಗೆ ಬಾಗಿಲು ಮುಚ್ಚಿತು. ಆದ್ದರಿಂದ ಮೂರನೆಯ ಉಪಾಯವೇ ಮುಖ್ಯ: ಆಜ್ಞೆಯನ್ನು ಮೊದಲೇ ಪೂರ್ತಿ ಬರೆದು, ಹೆಸರಿಗೊಂದು ಖಾಲಿ ಜಾಗ ಬಿಟ್ಟು, ಹೆಸರನ್ನು ಬೇರೆಯಾಗಿಯೇ ಕಳಿಸುವುದು. ಆಗ ಅದರಲ್ಲಿ ಏನೇ ಬರೆದಿರಲಿ, ಡೇಟಾಬೇಸು ಅದನ್ನು ಬರಿಯ ಹೆಸರೆಂದು ಓದುತ್ತದೆಯೇ ಹೊರತು ಆಜ್ಞೆಯೆಂದಲ್ಲ.

ಹಗಲು ದುಡಿದು ಸಂಜೆ ಪ್ರೋಗ್ರಾಮಿಂಗ್ ಕಲಿಯುವ ತರುಣರಿಗೆ ನನ್ನದೊಂದು ವಿನಂತಿ. ನಾಳೆ ನೀವು ಬರೆಯುವ ಪ್ರೋಗ್ರಾಮಿನಲ್ಲಿ ಯಾರೋ ಕೂಲಿಯವನ ಊರಿಗೆ ಕಳಿಸುವ ಹಣ ಇದ್ದೀತು. ಚೆಕ್ಕಿನ ಮೇಲೆ ಗೆರೆ ಎಳೆಯುವ ಹಿರಿಯರ ಕೈಯನ್ನು ನೆನೆಯಿರಿ. ಹೊರಗಿನಿಂದ ಬಂದ ಬರಹ ಬರಹವಾಗಿಯೇ ಇರಲಿ, ಆಜ್ಞೆಯಾಗದಿರಲಿ.