ವಯಸ್ಸಿಗೊಂದು ರೂಪ: ಡಿಸ್ಲೆಕ್ಸಿಯಾ ಗುರುತಿಸುವುದು ಹೇಗೆ?



1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಪರ್ಸಿ ಎಂಬ ಹುಡುಗನ ಬಗ್ಗೆ ಬರೆದರು. ಹುಡುಗ ಚುರುಕು, ಲೆಕ್ಕವೂ ಸಲೀಸು. ಓದು ಮಾತ್ರ ಹತ್ತಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಇವನೇ ಶಾಲೆಗೆ ಮೊದಲಿಗ ಎಂದಿದ್ದರು ಅವನ ಮೇಷ್ಟರು. ಬುದ್ಧಿಗೂ ಓದಿಗೂ ನಡುವಿನ ಈ ಅಂತರವೇ ಅಂದು ಗಮನ ಸೆಳೆದದ್ದು. ಡಿಸ್ಲೆಕ್ಸಿಯಾ ಎಂಬ ಈ ಓದಿನ ತೊಂದರೆ ಕಾಣುವ ರೀತಿ ವಯಸ್ಸಿನೊಂದಿಗೆ ಬದಲಾಗುತ್ತದೆ.

ಶಾಲೆಗೆ ಸೇರುವ ಮೊದಲು ಗುರುತುಗಳಿರುವುದು ಮಾತಿನಲ್ಲಿ. ಮಾತು ತಡ, ಪ್ರಾಸ ಹಿಡಿಯದು, ವಾರದ ದಿನಗಳ ಸಾಲು ನೆನಪಿನಲ್ಲಿ ನಿಲ್ಲದು. ಮನೆತನದಲ್ಲಿ ಯಾರಿಗಾದರೂ ಓದು ಕಷ್ಟವಾಗಿದ್ದರೆ ಇವನ್ನು ಹಗುರವಾಗಿ ಕಾಣಬಾರದು.

ಒಂದು, ಎರಡನೇ ತರಗತಿಯಲ್ಲಿ ಕಷ್ಟ ಕಾಗುಣಿತದಲ್ಲಿ ಕಾಣುತ್ತದೆ. 'ಕಿ', 'ಕೀ' ಬೇರೆಯಾಗವು. 'ಅಕ್ಕ' ಬರೆಯಲು ಹೋದರೆ ಒತ್ತಕ್ಷರ ಬಿದ್ದು 'ಅಕ' ಆಗುತ್ತದೆ. ಆದರೆ ಅವಸರ ಬೇಡ. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳು ಸೇರಿ ನೂರಾರು. ಅವು ಪೂರ್ತಿ ಕೈಗೆ ಹತ್ತಲು ಎಲ್ಲ ಮಕ್ಕಳಿಗೂ ಕೆಲವು ವರ್ಷ ಬೇಕು. ಅಕ್ಷರ ತಿರುಗಿಸಿ ಬರೆಯುವುದೂ ಈ ವಯಸ್ಸಿನಲ್ಲಿ ಸಾಮಾನ್ಯ. ಚೆನ್ನಾಗಿ ಹೇಳಿಕೊಟ್ಟು, ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದರೂ ಅದೇ ತಪ್ಪು ಉಳಿದರೆ ಆಗ ಗಮನಿಸಬೇಕು.

ನಾಲ್ಕು, ಐದನೇ ತರಗತಿಯ ಹಂತದಲ್ಲಿ ನಾವು ಹೆಚ್ಚು ಮೋಸ ಹೋಗುತ್ತೇವೆ. ಕನ್ನಡದಲ್ಲಿ ಬರೆದಂತೆಯೇ ಓದುವುದರಿಂದ ತಪ್ಪು ಕಡಿಮೆಯಾಗುತ್ತದೆ, ನಿಧಾನ ಹೋಗುವುದಿಲ್ಲ. ಅಕ್ಷರಕ್ಕೆ ಅಕ್ಷರ ಕೂಡಿಸಿ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಪದ ಮರೆತಿರುತ್ತದೆ. 'ಓದಲು ಬರುತ್ತದಲ್ಲ, ಸೋಮಾರಿ ಅಷ್ಟೇ' ಎಂದುಬಿಡುತ್ತೇವೆ. ಉಕ್ತಲೇಖನದ ದಿನ ಹೊಟ್ಟೆನೋವು ಬರುವುದೂ ಇಲ್ಲಿಂದಲೇ. ಬರೆದಂತೆ ಓದಲಾಗದ ಇಂಗ್ಲಿಷ್ ಬಂದಾಗ ಕಷ್ಟ ಇನ್ನೂ ಬಿಗಿಯಾಗುತ್ತದೆ.

ಹೈಸ್ಕೂಲಿನಲ್ಲಿ ಬಾಯಲ್ಲಿ ಹೇಳಿದ ಉತ್ತರ ಕಾಗದಕ್ಕೆ ಇಳಿಯದು, ಪರೀಕ್ಷೆಯ ಸಮಯ ಸಾಲದು. ದೊಡ್ಡವರು ಅರ್ಜಿ ತುಂಬುವ ಕೆಲಸ ತಪ್ಪಿಸಿಕೊಳ್ಳುತ್ತಾರೆ. ಮಗುವಿನ ಕಲಿಕೆಯ ತಪಾಸಣೆಗೆಂದು ಹೋದಾಗ ತಮ್ಮ ಕಷ್ಟದ ಹೆಸರು ತಿಳಿದುಕೊಳ್ಳುವ ತಂದೆತಾಯಂದಿರೂ ಇದ್ದಾರೆ.

ಅನುಮಾನ ಬಂದರೆ ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೆ ತಜ್ಞರ ಬಳಿ ಕಲಿಕೆಯ ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಈ ಸೌಲಭ್ಯವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವಿಕಲತೆಗಳಲ್ಲಿ ಡಿಸ್ಲೆಕ್ಸಿಯಾ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಸಿಕ್ಕಿದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು. ಆದರೆ ಅಕ್ಷರ, ಧ್ವನಿಗಳನ್ನು ಬಿಡಿಸಿ ಕಲಿಸುವುದಕ್ಕೆ ಆ ಕಾಗದ ಬರುವವರೆಗೆ ಕಾಯಬೇಕಿಲ್ಲ. ಅದನ್ನು ನಾಳೆಯೇ ಶುರುಮಾಡಬಹುದು.